ಟಿವಿಯ ಮಾತು ಕೇಳಿಸುವ ಹಾಗೆ ಮಾಡಿದ್ದು: ಸೌಂಡ್‌ಬಾರ್, ಸಬ್‌ವೂಫರ್, ಒಂದಿಷ್ಟು ತೆವಳಾಟ

ನಮ್ಮ ಟಿವಿಯ ಚಿತ್ರ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ತಕರಾರು ಇದ್ದದ್ದು ಮಾತಿನ ಬಗ್ಗೆ. ಪಾತ್ರಗಳು ಮೆಲ್ಲಗೆ ಮಾತಾಡಿದರೆ ವಾಲ್ಯೂಮ್ ಏರಿಸಬೇಕು, ಅಷ್ಟರಲ್ಲಿ ಏನಾದರೂ ಸಿಡಿದರೆ ಗಾಬರಿಯಿಂದ ಇಳಿಸಬೇಕು. ಮನೆಯ ಹಿರಿಯರು "ಏನಂದ ಅವನು?" ಅಂತ ಕೇಳುವುದು, ಉತ್ತರ ಹೇಳುವಷ್ಟರಲ್ಲಿ ಮುಂದಿನ ಮಾತು ತಪ್ಪಿಹೋಗುವುದು. ಸೌಂಡ್‌ಬಾರ್ (ಟಿವಿಯ ಕೆಳಗೆ ಇಡುವ ಉದ್ದನೆಯ ಸ್ಪೀಕರ್) ಮತ್ತು ಸಬ್‌ವೂಫರ್ (ತೀರಾ ಕೆಳಗಿನ ದನಿಗೆ ಅಂತಲೇ ಇರುವ ಸ್ಪೀಕರ್) ತಂದಿದ್ದು ಇದಕ್ಕೆ. ಮನೆ ನಡುಗಿಸುವ ಆಸೆ ಏನೂ ಇರಲಿಲ್ಲ. ತರುವುದು, ಸಿಕ್ಕಿಸುವುದು ಬೇಗ ಮುಗಿಯುತ್ತದೆ. ಸರಿಯಾದ ಜಾಗ ಹುಡುಕಿ ಸೆಟ್ಟಿಂಗ್ ಕೂರಿಸುವುದೇ ನಿಜವಾದ ಕೆಲಸ, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಸಬ್‌ವೂಫರ್‌ನದ್ದು. ಹಾಗಾಗಿ ಇಲ್ಲಿ ಜಾಸ್ತಿ ಬರೆದಿರುವುದೂ ಅದರ ಬಗ್ಗೆಯೇ.

ಟಿವಿಯೊಳಗಿನ ಸ್ಪೀಕರ್ ಯಾಕೆ ಸಾಲುವುದಿಲ್ಲ

ಟಿವಿ ತೆಳ್ಳಗಾದಷ್ಟೂ ಸ್ಪೀಕರ್‌ಗೆ ಜಾಗ ಕಡಿಮೆ. ಮುಂದಿನ ಅಂಚಿನಲ್ಲಿ ಜಾಗವೇ ಇಲ್ಲದ್ದರಿಂದ ಅದು ನೆಲದ ಕಡೆಗೋ ಹಿಂದಿನ ಗೋಡೆಯ ಕಡೆಗೋ ಮುಖ ಮಾಡಿ ಕೂತಿರುತ್ತದೆ. ಮಾತಿನಲ್ಲಿ ಜೋರು ಇರುವುದು ಸ್ವರಗಳಲ್ಲಿ, ಆದರೆ ಯಾವ ಪದ ಅಂತ ಗುರುತು ಸಿಗುವುದು ವ್ಯಂಜನಗಳಿಂದ. ಸ, ಶ, ಚ, ತ ಇವುಗಳ ಹರಿತ ಇರುವುದು ಸುಮಾರು 2,000 ಹರ್ಟ್ಸ್‌ನಿಂದ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ) ಮೇಲೆ. ಈ ಎತ್ತರದ ದನಿ ನೇರವಾಗಿ ಹೋಗುವ ಜಾತಿ. ಗೋಡೆಗೆ ಬಡಿದು ಸುತ್ತಿ ಬಂದರೆ ಅದರ ಅಂಚು ಮೊಂಡಾಗುತ್ತದೆ. ದನಿ ಇದೆ, ಪದ ಇಲ್ಲ ಅನ್ನಿಸುವುದು ಇದಕ್ಕೇ.

ಬೇಸ್, ಅಂದರೆ ತೀರಾ ಕೆಳಗಿನ ದನಿಯ ಕಥೆ ಬೇರೆ. ಒಂದು ಸ್ಪೀಕರ್ ಒಂದು ಆಕ್ಟೇವ್ ಕೆಳಗೆ (ಅರ್ಧದಷ್ಟು ಹರ್ಟ್ಸ್‌ನಲ್ಲಿ) ಅಷ್ಟೇ ಜೋರಾಗಿ ನುಡಿಯಬೇಕಾದರೆ ಅದರ ಕೋನ್, ಅಂದರೆ ಗಾಳಿಯನ್ನು ತಳ್ಳುವ ಪೊರೆ, ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಓಡಬೇಕು. ಅಂದರೆ 100 ಹರ್ಟ್ಸ್‌ಗೆ 1 ಮಿಲಿಮೀಟರ್ ಓಡುವ ಕೋನ್ 50 ಹರ್ಟ್ಸ್‌ಗೆ 4 ಮಿಲಿಮೀಟರ್ ಓಡಬೇಕು. ಅಂಗೈಗಿಂತ ಚಿಕ್ಕ ಸ್ಪೀಕರ್‌ಗೆ ಇದು ಆಗುವ ಮಾತಲ್ಲ. ಅದಕ್ಕೇ ಸಬ್‌ವೂಫರ್ ಅಂತ ಬೇರೆ ಡಬ್ಬ.

ಏನಾದರೂ ಕೊಳ್ಳುವ ಮುಂಚೆ ಟಿವಿಯ ಮೆನುವನ್ನು ಒಮ್ಮೆ ಜಾಲಾಡಿ. ಸುತ್ತಲಿಂದ ದನಿ ಬಂದಂತೆ ಭಾಸ ಮಾಡಿಸುವ ವರ್ಚುವಲ್ ಸರೌಂಡ್ ಆಫ್ ಮಾಡಿ, ಮಾತನ್ನು ಎತ್ತಿಕೊಡುವ ಮೋಡ್ ಇದ್ದರೆ ಆನ್ ಮಾಡಿ. ಗೋಡೆಗೆ ತಗುಲಿಸಿದ ಟಿವಿಯಾದರೆ ಅದಕ್ಕೂ ಒಂದು ಆಯ್ಕೆ ಇರಬಹುದು. ನಮ್ಮಲ್ಲಿ ಇದರಿಂದ ಸ್ವಲ್ಪ ಸುಧಾರಿಸಿತು, ಸಾಕಾಗಲಿಲ್ಲ.

ಯಾವ ಬಾರ್

ಆರಿಸುವಾಗ ನಾನು ಒಂದೇ ವಿಷಯಕ್ಕೆ ಪಟ್ಟು ಹಿಡಿದೆ: ಮಧ್ಯದಲ್ಲಿ ಪ್ರತ್ಯೇಕ ಸೆಂಟರ್ ಚಾನೆಲ್ (ನಡುವಿನ ದನಿಗೆ ಅಂತಲೇ ಬೇರೆ ದಾರಿ, ಬೇರೆ ಸ್ಪೀಕರ್) ಇರಬೇಕು. 2.1 ಅಂದರೆ ಎಡ, ಬಲ, ಒಂದು ಸಬ್. 3.1 ಅಂದರೆ ಜೊತೆಗೆ ನಡುವೆ ಒಂದು. ಸಿನಿಮಾದ 5.1 ಧ್ವನಿಯಲ್ಲಿ (ಐದು ಚಾನೆಲ್, ಒಂದು ಸಬ್) ಮಾತು ಬಹುಪಾಲು ಈ ನಡುವಿನ ಚಾನೆಲ್‌ನಲ್ಲೇ ಇರುತ್ತದೆ. ಅದಕ್ಕೆ ಬೇರೆ ಸ್ಪೀಕರ್ ಇದ್ದರೆ ಸಂಗೀತ, ಗದ್ದಲ ಎಲ್ಲ ಹಾಗೇ ಬಿಟ್ಟು ಮಾತನ್ನಷ್ಟೇ ಏರಿಸಬಹುದು. 2.1ರಲ್ಲಿ ಎಡ ಬಲ ಎರಡೂ ಸೇರಿ ನಡುವೆ ಯಾರೋ ಮಾತಾಡುತ್ತಿರುವ ಭ್ರಮೆ ಹುಟ್ಟಿಸುತ್ತವೆ, ಅದು ಸೋಫಾದ ನಟ್ಟನಡುವೆ ಕೂತವರಿಗೆ ಚೆನ್ನ, ಬದಿಯಲ್ಲಿ ಕೂತವರಿಗೆ ಅಷ್ಟಕ್ಕಷ್ಟೆ.

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ ವ್ಯಾಟ್ ಲೆಕ್ಕಕ್ಕೆ ಮರುಳಾಗಬೇಡಿ. ಶಕ್ತಿ ಎರಡರಷ್ಟಾದರೆ ದನಿ ಏರುವುದು 3 ಡೆಸಿಬಲ್ ಮಾತ್ರ. 300 ವ್ಯಾಟ್‌ಗೂ 400 ವ್ಯಾಟ್‌ಗೂ ಇರುವ ವ್ಯತ್ಯಾಸ ಸುಮಾರು 1.2 ಡೆಸಿಬಲ್. ಪಕ್ಕಪಕ್ಕ ಇಟ್ಟು ಕೇಳಿದರೂ ಗೊತ್ತಾಗುವುದು ಕಷ್ಟ. ಛಾವಣಿಗೆ ದನಿ ಹೊಡೆದು ಮೇಲಿನಿಂದ ಬಂದಂತೆ ಕೇಳಿಸುವ ಅಟ್ಮಾಸ್ ಬಾರ್‌ಗಳೂ ಇವೆ. ಅದಕ್ಕೆ ಛಾವಣಿ ಸಮತಟ್ಟಾಗಿ, ಗಟ್ಟಿಯಾಗಿ, ತೀರಾ ಎತ್ತರ ಇಲ್ಲದ ಹಾಗೆ ಇರಬೇಕು. ನನಗೆ ಬೇಕಿದ್ದದ್ದು ಮಾತು, ಅದನ್ನು ಬಿಟ್ಟೆ.

ಇನ್ನೊಂದು. ವೈರ್‌ಲೆಸ್ ಸಬ್ ಅಂದರೆ ಸಿಗ್ನಲ್‌ಗೆ ಮಾತ್ರ ವೈರ್ ಇಲ್ಲ, ಕರೆಂಟಿಗೆ ಬೇಕೇ ಬೇಕು. ಸಬ್ ಎಲ್ಲೆಲ್ಲಿ ಇಡಬಹುದು ಅನ್ನುವುದು ಕೊನೆಗೆ ಪ್ಲಗ್ ಪಾಯಿಂಟ್ ಎಲ್ಲೆಲ್ಲಿದೆ ಅನ್ನುವುದರ ಮೇಲೇ ನಿಲ್ಲುತ್ತದೆ.

ಬಾರ್ ಕೂರಿಸಿದ್ದು

ಮೊದಲು ಟಿವಿಯ ಕೆಳಗಿರುವ ಮರದ ಹಲಗೆಯ ಮೇಲೇ ಇಟ್ಟು ನೋಡಿದೆ. ಹಲಗೆ ಆಳವಾಗಿದ್ದು ಬಾರ್ ಒಳಗೆ ಸರಿದಿದ್ದರೆ ದನಿ ಮೊದಲು ಹಲಗೆಗೆ ಬಡಿದು ಆಮೇಲೆ ನಮ್ಮ ಕಡೆ ಬರುತ್ತದೆ, ಮಾತು ಮಂಕಾಗುತ್ತದೆ. ಮುಂದಿನ ಜಾಲರಿ ಹಲಗೆಯ ಅಂಚಿಗೆ ಸಮವಾಗುವಷ್ಟು ಎಳೆದ ಕೂಡಲೇ ವ್ಯತ್ಯಾಸ ಗೊತ್ತಾಯಿತು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಕಪಾಟಿನ ಗೂಡಿನೊಳಗೆ ಬಾರ್ ತುರುಕಿಟ್ಟವರು ದಯವಿಟ್ಟು ಹೊರಗೆ ತೆಗೆದು ಒಮ್ಮೆ ಕೇಳಿ.

ಆದರೆ ಬಾರ್ ಎದ್ದು ನಿಂತು ಟಿವಿಯ ಕೆಳಗಿನ ರಿಮೋಟ್ ಸೆನ್ಸರ್‌ಗೆ ಅಡ್ಡ ಬಂತು. ಹಾಗಾಗಿ ಗೋಡೆಗೇ ಹಾಕಿದೆ. ಜೊತೆಗೆ ಬಂದ ಕಾಗದದ ಅಳತೆಪಟ್ಟಿಯನ್ನು ಟೇಪಿನಿಂದ ಗೋಡೆಗೆ ಅಂಟಿಸಿ, ರಸಮಟ್ಟ ಇಟ್ಟು ನೇರ ಮಾಡಿಕೊಂಡು, ಟಿವಿಯ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟು ಗುರುತು ಹಾಕಿದೆ. ಎಚ್‌ಡಿಎಂಐ ಕೇಬಲ್‌ನ ತಲೆ ಬಾಗಲು ಹಿಂದೆ ಜಾಗ ಇದೆಯಾ ಅಂತ ತೂತು ಹೊಡೆಯುವ ಮುಂಚೆಯೇ ನೋಡಿಕೊಳ್ಳಿ. ಡ್ರಿಲ್ ಇಡುವ ಮುಂಚೆ ಸ್ವಿಚ್‌ಬೋರ್ಡ್ ಎಲ್ಲಿದೆ ಅಂತಲೂ ನೋಡಿ, ಅದರ ನೇರ ಮೇಲೆ, ಕೆಳಗೆ ಗೋಡೆಯೊಳಗೆ ವೈರ್ ಓಡಿರುವ ಸಾಧ್ಯತೆ ಜಾಸ್ತಿ. ಪ್ಲಾಸ್ಟಿಕ್ ಪ್ಲಗ್ ಹೊಡೆದು, ಸ್ಕ್ರೂ ಬಿಗಿದು, ಬ್ರಾಕೆಟ್ ಹಾಕಿ ನೇತುಹಾಕಿದ್ದಾಯಿತು. ಬಾರ್‌ನ ಮೆನುವಿನಲ್ಲಿ ಗೋಡೆಗೆ ಹಾಕಿದೆ ಅಂತ ಹೇಳುವ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ. ಗೋಡೆ ಹತ್ತಿರವಾದಾಗ ಕೆಳಗಿನ ದನಿ ತಾನಾಗಿ ಉಬ್ಬುತ್ತದೆ, ಆ ಆಯ್ಕೆ ಅದನ್ನು ತಗ್ಗಿಸುತ್ತದೆ.

ಕೇಬಲ್ ಮತ್ತು ಟಿವಿಯ ಮೆನು

ಟಿವಿಯ ಹಿಂದೆ ಎಚ್‌ಡಿಎಂಐ ತೂತುಗಳು ಹಲವು ಇರುತ್ತವೆ, ಅದರಲ್ಲಿ ಎಆರ್‌ಸಿ ಅಥವಾ ಇಎಆರ್‌ಸಿ ಅಂತ ಬರೆದಿರುವುದಕ್ಕೇ ಬಾರ್ ಸಿಕ್ಕಿಸಬೇಕು. ಪಕ್ಕದ್ದಕ್ಕೆ ಹಾಕಿದರೆ ಟಿವಿಯ ದನಿ ಬಾರ್‌ಗೆ ಬರುವುದೇ ಇಲ್ಲ. ಎಆರ್‌ಸಿ ಬಂದಿದ್ದು 2009ರ ಎಚ್‌ಡಿಎಂಐ 1.4 ಜೊತೆ, ಇಎಆರ್‌ಸಿ ಬಂದಿದ್ದು 2017ರ 2.1 ಜೊತೆ. ಹಳೆಯದು ಕುಗ್ಗಿಸಿದ 5.1 ಧ್ವನಿಯನ್ನು ಹೊರುತ್ತದೆ, ಹೊಸದು ಕುಗ್ಗಿಸದ ಬಹು ಚಾನೆಲ್ ಧ್ವನಿಯನ್ನೂ ಹೊರುತ್ತದೆ. ಸ್ಟ್ರೀಮಿಂಗ್ ನೋಡುವವರಿಗೆ ಎಆರ್‌ಸಿಯೇ ಬೇಕಾದಷ್ಟಾಯಿತು, ಯಾಕೆಂದರೆ ಅಲ್ಲಿ ಬರುವುದೇ ಕುಗ್ಗಿಸಿದ ಧ್ವನಿ. ಡಿಸ್ಕ್ ಹಾಕಿ ನೋಡುವವರಿಗೆ ಇಎಆರ್‌ಸಿಯಿಂದ ಲಾಭ ಇದೆ.

ಎಆರ್‌ಸಿ ಇಲ್ಲದ ಹಳೆ ಟಿವಿಗೆ ಆಪ್ಟಿಕಲ್ ಕೇಬಲ್ ಇದೆ. 1983ರಲ್ಲಿ ತೋಷಿಬಾ ತಂದ ಸಂಗತಿ ಅದು, ಇವತ್ತಿಗೂ ಕೆಲಸ ಮಾಡುತ್ತದೆ, ಡಾಲ್ಬಿ 5.1 ಕೂಡ ಅದರಲ್ಲಿ ಹೋಗುತ್ತದೆ. ಆದರೆ ವಾಲ್ಯೂಮ್ ಏರಿಸು ಇಳಿಸು ಅನ್ನುವ ಆಜ್ಞೆ ಅದರಲ್ಲಿ ಹೋಗುವುದಿಲ್ಲ, ಸಾಮಾನ್ಯವಾಗಿ ಎರಡು ರಿಮೋಟ್ ಇಟ್ಟುಕೊಳ್ಳಬೇಕಾಗುತ್ತದೆ. ಬ್ಲೂಟೂತ್ ಹಾಡು ಕೇಳಲು ಸರಿ, ಸಿನಿಮಾಗೆ ಬೇಡ. ದನಿ ತಡವಾಗಿ ಬರುತ್ತದೆ.

ಒಂದೇ ರಿಮೋಟ್‌ನಲ್ಲಿ ಎಲ್ಲ ನಡೆಯಬೇಕಾದರೆ ಟಿವಿಯ ಮೆನುವಿನಲ್ಲಿ ಸಿಇಸಿ (ಎಚ್‌ಡಿಎಂಐ ಕೇಬಲ್‌ನಲ್ಲೇ ಒಂದು ಉಪಕರಣ ಇನ್ನೊಂದಕ್ಕೆ ಆಜ್ಞೆ ಕೊಡುವ ವ್ಯವಸ್ಥೆ) ಆನ್ ಇರಬೇಕು. ಇದಕ್ಕೆ ಒಬ್ಬೊಬ್ಬ ತಯಾರಕ ಒಂದೊಂದು ಹೆಸರು ಇಟ್ಟಿದ್ದಾನೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಸಿಇಸಿ ಕೆಲವೊಮ್ಮೆ ಸುಮ್ನೆ ಹಟ ಹಿಡಿಯುತ್ತದೆ. ನಮ್ಮಲ್ಲಿ ಟಿವಿ ಆನ್ ಮಾಡಿದರೆ ಒಮ್ಮೊಮ್ಮೆ ಬಾರ್ ಎಚ್ಚರಾಗುತ್ತಿರಲಿಲ್ಲ, ಇಲ್ಲವೇ ದನಿ ಟಿವಿಯ ಸ್ಪೀಕರ್‌ಗೇ ವಾಪಸ್ ಹೋಗುತ್ತಿತ್ತು. ಎರಡನ್ನೂ ಪ್ಲಗ್ಗಿನಿಂದ ಕಿತ್ತು ಕೆಲವು ನಿಮಿಷ ಬಿಟ್ಟು, ಮತ್ತೆ ಹಾಕಿದಾಗ ಸರಿಹೋಯಿತು, ಆಮೇಲೆ ಮತ್ತೆ ಶುರುವಾಯಿತು. ಕೊನೆಗೆ ತಿಳಿದದ್ದು ಏನೆಂದರೆ ಸೆಟ್‌ಟಾಪ್ ಬಾಕ್ಸ್ ಕೂಡ ಸಿಇಸಿಯಲ್ಲಿ ಮೂಗು ತೂರಿಸುತ್ತಿತ್ತು. ಬಾಕ್ಸ್‌ನ ಮೆನುವಿನಲ್ಲಿ ಅದನ್ನು ಆಫ್ ಮಾಡಿದ ಮೇಲೆ ತಕರಾರು ನಿಂತಿದೆ.

ಈಗ ತುಂಬ ಜನ ನೋಡದೇ ಬಿಡುವ ಒಂದು ಸೆಟ್ಟಿಂಗ್. ಟಿವಿಯ ಡಿಜಿಟಲ್ ಔಟ್‌ಪುಟ್ ಪಿಸಿಎಂ ಅಂತ ಇರುವುದುಂಟು. ಆಗ ಎಆರ್‌ಸಿಯಲ್ಲಿ 5.1 ಧ್ವನಿಯನ್ನೂ ಟಿವಿ ಎರಡು ಚಾನೆಲ್‌ಗೆ ಹಿಂಡಿ ಕಳಿಸುತ್ತದೆ. ಸೆಂಟರ್ ಸ್ಪೀಕರ್ ಬೇಕು ಅಂತ ಹಟ ಹಿಡಿದು ತಂದ ಬಾರ್‌ಗೆ ಸೆಂಟರ್ ಚಾನೆಲ್ ಪ್ರತ್ಯೇಕವಾಗಿ ಹೋಗುವುದೇ ಇಲ್ಲ! ಅದನ್ನು ಬಿಟ್‌ಸ್ಟ್ರೀಮ್, ಪಾಸ್‌ಥ್ರೂ ಅಥವಾ ಆಟೋ ಅಂತ ಬದಲಿಸಬೇಕು. ನೋಡುವ ಆ್ಯಪ್‌ನಲ್ಲೂ 5.1 ಆಡಿಯೋ ಆರಿಸಿರಬೇಕು. ಬಾರ್‌ನ ಮೇಲೆ ಡಾಲ್ಬಿ ಅಂತ ಬಂದರೆ ಸರಿಯಾಗಿದೆ ಎಂದರ್ಥ. ಮಾತು ಸ್ಪಷ್ಟವಾದದ್ದರಲ್ಲಿ ಈ ಒಂದು ಸೆಟ್ಟಿಂಗ್‌ನ ಪಾಲು ದೊಡ್ಡದು.

ತುಟಿಗೂ ಮಾತಿಗೂ ಹೊಂದಾಣಿಕೆ ಆಗುತ್ತಿದೆಯಾ ಅಂತ ಇಲ್ಲೇ ನೋಡಿಕೊಂಡೆ. ಚಿತ್ರಕ್ಕಿಂತ ದನಿ ಸುಮಾರು 45 ಮಿಲಿಸೆಕೆಂಡ್ ಮುಂದೆ ಬಂದರೆ ಅಥವಾ 125 ಮಿಲಿಸೆಕೆಂಡ್ ಹಿಂದೆ ಬಿದ್ದರೆ ಜನಕ್ಕೆ ಗೊತ್ತಾಗಲು ಶುರುವಾಗುತ್ತದೆ ಅನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಲ್ಲಿರುವ ಲೆಕ್ಕ. ದನಿ ಮುಂದೆ ಬಂದರೆ ಹೆಚ್ಚು ಕಿರಿಕಿರಿ, ಯಾಕೆಂದರೆ ದೂರದ ಸದ್ದು ತಡವಾಗಿ ಬರುವುದು ಕಿವಿಗೆ ರೂಢಿ, ಮೊದಲೇ ಬರುವುದು ರೂಢಿಯಿಲ್ಲ. ಚಪ್ಪಾಳೆ ತಟ್ಟುವ ದೃಶ್ಯ ಹಾಕಿ ನೋಡಿ. ದನಿ ಮುಂದಿದ್ದರೆ ಬಾರ್‌ನ ಡಿಲೇ ಏರಿಸಿದರಾಯಿತು. ಹಿಂದಿದ್ದರೆ ಬಾರ್‌ನಿಂದ ಏನೂ ಮಾಡಲಾಗದು, ಅದು ತಡ ಮಾಡಬಲ್ಲದೇ ಹೊರತು ಬೇಗ ಮಾಡಲಾರದು. ಆಗ ಟಿವಿಯ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಡಿಲೇ ಸೊನ್ನೆಗೆ ತನ್ನಿ.

ಸಬ್‌ವೂಫರ್

ಇಲ್ಲಿಗೆ ಅಸಲಿ ಕೆಲಸ ಶುರು.

ಸಬ್ ಎಲ್ಲಿಟ್ಟರೂ ನಡೆಯುತ್ತದೆ, ಬೇಸ್‌ಗೆ ದಿಕ್ಕಿಲ್ಲ ಅಂತ ಹೇಳುವುದುಂಟು. ಅರ್ಧ ನಿಜ. ಸುಮಾರು 80 ಹರ್ಟ್ಸ್‌ಗಿಂತ ಕೆಳಗೆ ದನಿ ಯಾವ ಕಡೆಯಿಂದ ಬರುತ್ತಿದೆ ಅಂತ ಕಿವಿಗೆ ಸರಿಯಾಗಿ ತಿಳಿಯುವುದಿಲ್ಲ. ಆದರೆ ಸೌಂಡ್‌ಬಾರ್‌ನ ಸ್ಪೀಕರ್‌ಗಳು ಪುಟ್ಟವು, ಅವಕ್ಕೆ 80ರವರೆಗೆ ಇಳಿಯಲು ಆಗುವುದಿಲ್ಲ, ಹಾಗಾಗಿ ಎಷ್ಟೋ ಸೆಟ್‌ಗಳಲ್ಲಿ 120, 150 ಹರ್ಟ್ಸ್‌ವರೆಗಿನ ಕೆಲಸ ಸಬ್ ಮೇಲೇ ಬೀಳುತ್ತದೆ. ಅಷ್ಟು ಮೇಲಿನ ದನಿಗೆ ದಿಕ್ಕು ಇದೆ. ಇನ್ನೂ ಮುಖ್ಯವಾದದ್ದು: ಗಂಡಸರ ದನಿಯ ಮೂಲ ಶ್ರುತಿ ಸುಮಾರು 85ರಿಂದ 180 ಹರ್ಟ್ಸ್. ಅಂದರೆ ಮಾತಿನ ಒಂದು ಪಾಲು ಸಬ್‌ನಿಂದಲೇ ಬರುತ್ತಿದೆ! ಸಬ್ಬನ್ನು ಸೋಫಾದ ಹಿಂದೆ ಇಟ್ಟರೆ ನಾಯಕನ ಮುಖ ಮುಂದೆ, ಎದೆ ಹಿಂದೆ ಇದ್ದ ಹಾಗಾಗುತ್ತದೆ. ಅದಕ್ಕೆ ಟಿವಿ ಇರುವ ಗೋಡೆಯ ಕಡೆಯೇ ಜಾಗ ಹುಡುಕುವುದು ಅಂತ ತೀರ್ಮಾನ ಮಾಡಿದೆ.

ನಮ್ಮ ಕೋಣೆ 5 ಮೀಟರ್ ಉದ್ದ, 3.5 ಮೀಟರ್ ಅಗಲ. ಸದ್ದು ಸೆಕೆಂಡಿಗೆ 343 ಮೀಟರ್ ಓಡುತ್ತದೆ. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ 34 ಹರ್ಟ್ಸ್, ಅಗಲದ ಎರಡರಷ್ಟರಿಂದ ಭಾಗಿಸಿದರೆ 49 ಹರ್ಟ್ಸ್. ಈ ಶ್ರುತಿಗಳಲ್ಲಿ ಅಲೆ ಎರಡು ಗೋಡೆಗಳ ನಡುವೆ ನಿಂತುಬಿಡುತ್ತದೆ. ಗೋಡೆ ಪಕ್ಕ ಕೂತವರಿಗೆ ಗುಂಯ್ ಅಂತ ಉಬ್ಬಿ ಕೇಳಿಸುತ್ತದೆ, ನಟ್ಟನಡುವೆ ನಿಂತವರಿಗೆ ಬಹುತೇಕ ಕೇಳಿಸುವುದೇ ಇಲ್ಲ. ಮೂಲೆಯಲ್ಲಿಟ್ಟ ಸಬ್ ಈ ಎಲ್ಲ ಶ್ರುತಿಗಳನ್ನೂ ಒಟ್ಟಿಗೆ ಬಡಿದೆಬ್ಬಿಸುತ್ತದೆ. ಅಂಗಡಿಯಲ್ಲಿ ಚೆನ್ನಾಗಿ ಕೇಳಿಸಿದ್ದು ಮನೆಯಲ್ಲಿ ಯಾಕೆ ಬೊಬ್ಬಿರಿಯುತ್ತದೆ ಅಂತ ಕೇಳುವವರಿಗೆ ಇದೇ ಉತ್ತರ. ಹೊಸ ಸಬ್ ತಂದರೂ ಕೋಣೆ ಅದೇ ಅಲ್ವಾ.

ಜಾಗ ಹುಡುಕಲು ಹಳೆಯ ಉಪಾಯ ಒಂದಿದೆ, ಸಬ್ ಕ್ರಾಲ್ ಅನ್ನುತ್ತಾರೆ. ಸಬ್ಬನ್ನು ಎತ್ತಿ ನೀವು ಕೂರುವ ಜಾಗದಲ್ಲಿ, ಸೋಫಾದ ಮೇಲೇ ಇಡಿ. ಬೇಸ್ ಗಿಟಾರ್ ಒಂದೊಂದೇ ಮೆಟ್ಟಿಲು ಏರಿಳಿಯುವ ಯಾವುದಾದರೂ ತುಣುಕನ್ನು ಮತ್ತೆ ಮತ್ತೆ ನುಡಿಸಲು ಬಿಡಿ. ಆಮೇಲೆ ನೀವು ನೆಲದ ಮೇಲೆ ಮೊಣಕಾಲೂರಿ, ಸಬ್ ಇಡಬಹುದಾದ ಜಾಗಗಳಲ್ಲೆಲ್ಲ ಕಿವಿಯನ್ನು ಸಬ್ ಇರುವಷ್ಟು ಎತ್ತರಕ್ಕೆ ತಗ್ಗಿಸಿ ತೆವಳಿಕೊಂಡು ಹೋಗಿ. ಎಲ್ಲಿ ಎಲ್ಲ ಸ್ವರಗಳೂ ಒಂದೇ ತೂಕದಲ್ಲಿ ಕೇಳಿಸುತ್ತವೋ ಅಲ್ಲಿ ಸಬ್ ಇಡಿ. ಸದ್ದು ಹೊರಡುವ ಜಾಗ, ಕೇಳುವ ಜಾಗ ಅದಲುಬದಲಾದರೂ ನಡುವಿನ ಕೋಣೆ ಮಾಡುವ ಬದಲಾವಣೆ ಒಂದೇ, ಅದಕ್ಕೇ ಇದು ನಡೆಯುತ್ತದೆ. ನೋಡುವವರು ನಗುತ್ತಾರೆ, ನಗಲಿ.

ನಮ್ಮಲ್ಲಿ ಬಲ ಮೂಲೆಯಲ್ಲಿ ಒಂದು ಸ್ವರ ಮಾತ್ರ ಬೊಬ್ಬೆ ಹೊಡೆಯುತ್ತಿತ್ತು, ಉಳಿದವು ಅದರಡಿ ಮುಚ್ಚಿಹೋಗುತ್ತಿದ್ದವು. ಟಿವಿ ಗೋಡೆಯ ಉದ್ದಕ್ಕೇ ಸರಿಯುತ್ತ ಬಂದು, ಬಲಗೋಡೆಯಿಂದ ಸುಮಾರು ಮೂರನೇ ಒಂದು ಪಾಲು ಒಳಗೆ ಬಂದಾಗ ಸಮವಾಯಿತು. ಅದೃಷ್ಟಕ್ಕೆ ಪ್ಲಗ್ ಪಾಯಿಂಟ್ ಕೈಗೆಟಕುವಷ್ಟು ದೂರದಲ್ಲೇ ಇತ್ತು. ಸಬ್‌ನ ಹಿಂದೆ ಗಾಳಿ ಹೊರಬರುವ ತೂತು ಇದ್ದರೆ ಗೋಡೆಗೆ ಒತ್ತಿ ಇಡಬೇಡಿ, ಉಸಿರಾಡಲು ಒಂದು ಗೇಣಾದರೂ ಬಿಡಿ.

ಫೇಸ್ ಸ್ವಿಚ್ ಇರುವ ಸಬ್ ಆದರೆ 0 ಮತ್ತು 180 ಎರಡರಲ್ಲೂ ಕೇಳಿ. ಬಾರ್ ಮತ್ತು ಸಬ್ ಕೈ ಬದಲಿಸುವ ಶ್ರುತಿಯ ಆಸುಪಾಸಿನಲ್ಲಿ ಎರಡೂ ಒಟ್ಟಿಗೆ ತಳ್ಳಿದರೆ ದನಿ ತುಂಬುತ್ತದೆ, ಒಂದು ತಳ್ಳಿ ಇನ್ನೊಂದು ಎಳೆದರೆ ಅಲ್ಲಿ ಹಳ್ಳ ಬೀಳುತ್ತದೆ. ಯಾವುದರಲ್ಲಿ ತುಂಬಿ ಕೇಳಿಸುತ್ತದೋ ಅದೇ ಸರಿ. ನಮ್ಮದರಲ್ಲಿ ಸ್ವಿಚ್ಚೇ ಇಲ್ಲ, ಸಬ್ಬನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿ ನೋಡಿದ್ದಷ್ಟೆ.

ಎಷ್ಟು ಜೋರು

ಸಬ್‌ನ ಮಟ್ಟ ಇಡುವುದಕ್ಕೆ ನಾನು ಸಿಡಿತದ ದೃಶ್ಯ ಬಳಸಲಿಲ್ಲ, ವಾರ್ತೆ ಓದುವ ಗಂಡಸಿನ ದನಿ ಬಳಸಿದೆ. ಸಬ್ಬನ್ನು ಪೂರ್ತಿ ಇಳಿಸಿ, ಒಂದೊಂದೇ ಹಂತ ಏರಿಸುತ್ತ ಹೋದೆ. ಮೊದಮೊದಲು ದನಿಗೆ ಮೈ ತುಂಬುತ್ತದೆ. ಒಂದು ಹಂತ ದಾಟಿದ ಮೇಲೆ ಓದುವವನು ಡ್ರಮ್ಮಿನೊಳಗೆ ಕೂತು ಓದುತ್ತಿರುವಂತೆ ಕೇಳಿಸುತ್ತದೆ. ಅಲ್ಲಿಂದ ಎರಡು ಹಂತ ಕೆಳಗೆ ತಂದು ನಿಲ್ಲಿಸಿದೆ. ಕಂಪನಿಯಿಂದ ಬಂದ ಮಟ್ಟಕ್ಕಿಂತ ಇದು ಸಾಕಷ್ಟು ಕಡಿಮೆ. ಮೊದಲ ಸಂಜೆ ಎಲ್ಲರಿಗೂ ಬೇಸ್ ಸಪ್ಪೆ ಅನ್ನಿಸಿತು. ಆಮೇಲೆ ಹಳೆ ಮಟ್ಟಕ್ಕೆ ಏರಿಸಿದರೆ ಅವರೇ ಬೇಡ ಅಂದರು.

ಇದಕ್ಕೆ ಕಾರಣ ಕಿವಿಯಲ್ಲೇ ಇದೆ. ಕೆಳಗಿನ ಜೋರು ದನಿ ಅದಕ್ಕಿಂತ ಮೇಲಿನ ಮೆಲುದನಿಯನ್ನು ಮುಚ್ಚುತ್ತದೆ, ಮೇಲಿನದು ಕೆಳಗಿನದನ್ನು ಅಷ್ಟಾಗಿ ಮುಚ್ಚುವುದಿಲ್ಲ. ಬೇಸ್ ಉಬ್ಬಿದರೆ ಮೊದಲು ಮುಳುಗುವುದು ಮಾತು. ಹಾಗಾಗಿ ಮಾತು ಕೇಳಿಸುತ್ತಿಲ್ಲ ಅನ್ನುವವರು ಸೆಂಟರ್ ಏರಿಸುವ ಮುಂಚೆ ಸಬ್ ಇಳಿಸಿ ನೋಡಿ. ನಾನು ಸಬ್ ಇಳಿಸಿದ ಮೇಲೆ ಸೆಂಟರ್ ಎರಡೇ ಹಂತ ಏರಿಸಬೇಕಾಯಿತು.

ಫೋನಿನ ಡೆಸಿಬಲ್ ಆ್ಯಪ್ ಇಟ್ಟುಕೊಂಡು ಅಳೆಯುವವರಿಗೆ ಒಂದು ಎಚ್ಚರಿಕೆ. ಆ್ಯಪ್ 'ಎ' ತೂಕದಲ್ಲಿದ್ದರೆ (ಕಿವಿಗೆ ಕಡಿಮೆ ಕೇಳಿಸುವ ಶ್ರುತಿಯನ್ನು ಕಡಿಮೆ ಲೆಕ್ಕಕ್ಕೆ ಹಿಡಿಯುವ ಅಳತೆ) 50 ಹರ್ಟ್ಸ್ ದನಿಯನ್ನು ಅದು ಸುಮಾರು 30 ಡೆಸಿಬಲ್ ಕಡಿಮೆ ತೋರಿಸುತ್ತದೆ. ಕೆಳಗಿನ ದನಿಯನ್ನು ಬಹುತೇಕ ಇದ್ದಂತೆಯೇ ತೋರಿಸುವ 'ಸಿ' ತೂಕಕ್ಕೆ ಬದಲಿಸಿಕೊಳ್ಳಿ. ಆಗಲೂ ಫೋನಿನ ಮೈಕ್ ಮಾತಿಗೆ ಅಂತ ಮಾಡಿದ್ದು, ತೀರಾ ಕೆಳಗಿನದನ್ನು ಹಿಡಿಯುವುದಿಲ್ಲ. ಈ ಜಾಗಕ್ಕೂ ಆ ಜಾಗಕ್ಕೂ ಹೋಲಿಸಲು ಸಾಕು, ಅಂಕಿಯನ್ನೇ ನಂಬಬೇಡಿ.

ಗಡಗಡ, ಹಮ್

ಮಟ್ಟ ಕೂತ ಮೇಲೆ 30ರಿಂದ 120 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರುವ ಟೋನ್ ಹಾಕಿ ಕೋಣೆಯಲ್ಲಿ ಓಡಾಡಿದೆ. ಏನೇನು ಅಲುಗುತ್ತದೆ ಅಂತ ಆಗ ಗೊತ್ತಾಗುತ್ತದೆ. ಕಪಾಟಿನ ಗಾಜಿನ ಬಾಗಿಲು, ಗೋಡೆಯ ಫೋಟೋ ಚೌಕಟ್ಟು, ಬಾಗಿಲ ಚಿಲಕ. ಗಾಜಿಗೆ ಸಣ್ಣ ರಬ್ಬರ್ ಬಿಲ್ಲೆ, ಚೌಕಟ್ಟಿನ ಹಿಂದೆ ಬಟ್ಟೆಯ ತುಂಡು ಅಂಟಿಸಿದೆ. ಚಿಲಕಕ್ಕೂ ಒಂದು ತುಂಡು ಬೇಕಾಯಿತು. ಸಬ್ ಕೆಟ್ಟಿದೆ, ಒಡೆದ ದನಿ ಬರುತ್ತಿದೆ ಅಂತ ವಾಪಸ್ ಕಳಿಸುವ ಮುಂಚೆ ಇದನ್ನು ಮಾಡಿ ನೋಡಿ. ಸಬ್‌ನ ಕೆಳಗೆ ದಪ್ಪ ರಬ್ಬರ್ ಹಾಳೆ ಹಾಕಿದರೆ ನೆಲಕ್ಕೆ ಹೋಗುವ ನಡುಕ ಕಡಿಮೆಯಾಗುತ್ತದೆ, ಆದರೆ ಗಾಳಿಯಲ್ಲಿ ಹೋಗುವ ಬೇಸ್ ಪಕ್ಕದ ಮನೆಗೆ ಹೋಗಿಯೇ ಹೋಗುತ್ತದೆ. ರಾತ್ರಿ ನೈಟ್ ಮೋಡ್ ಹಾಕುತ್ತೇವೆ. ಅದು ಜೋರು ಸದ್ದನ್ನು ತಗ್ಗಿಸಿ ಮೆಲುದನಿಯನ್ನು ಎತ್ತಿಕೊಡುತ್ತದೆ, ಸಿನಿಮಾದ ಗಮ್ಮತ್ತು ಸ್ವಲ್ಪ ಹೋಗುತ್ತದೆ, ಮಾತು ಉಳಿಯುತ್ತದೆ.

ವೈರ್ ಇರುವ ಸಬ್ ಅಥವಾ ಆಂಪ್ಲಿಫೈಯರ್ ಇದ್ದವರಿಗೆ ಒಂದೇ ಸಮನೆ ಹಮ್ ಅನ್ನುವ ಸದ್ದು ಬಂದರೆ, ಮೊದಲು ಟಿವಿಯಿಂದ ಆಂಟೆನಾ ಅಥವಾ ಕೇಬಲ್‌ನ ದಪ್ಪ ವೈರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಅರ್ಥ್ ಲೂಪ್ (ಎರಡು ಕಡೆಯಿಂದ ಅರ್ಥ್ ಸಿಕ್ಕು ವೈರಿನಲ್ಲಿ ಬೇಡದ ಕರೆಂಟ್ ಸುತ್ತುವುದು), ಆ ವೈರಿಗೆ ಐಸೊಲೇಟರ್ ಹಾಕಿದರೆ ಹೋಗುತ್ತದೆ. ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವ ಕೆಲಸ ಮಾತ್ರ ಮಾಡಬೇಡಿ, ಜೀವಕ್ಕೆ ಅಪಾಯ. ನಮ್ಮ ವೈರ್‌ಲೆಸ್ ಸಬ್‌ನಲ್ಲಿ ಹಮ್ ಇರಲಿಲ್ಲ, ಆದರೆ ದನಿ ನಡುನಡುವೆ ಕಡಿದುಹೋಗುತ್ತಿತ್ತು. ವೈಫೈ ರೌಟರ್ ಅದರ ತಲೆಯ ಮೇಲೇ ಇತ್ತು. ರೌಟರನ್ನು ಕೋಣೆಯ ಆ ಕಡೆಗೆ ಸರಿಸಿದ ಮೇಲೆ ನಿಂತಿತು.

ಎದುರುಬದುರು ಬರಿಗೋಡೆ, ಬರಿ ನೆಲ ಇದ್ದರೆ ಮಾತಿನ ಹಿಂದೆ ಒಂದು ಟಣಟಣ ಬಾಲ ಇರುತ್ತದೆ. ಕೋಣೆಯ ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಕೇಳಿಸುತ್ತದೆ. ದಪ್ಪ ಪರದೆ, ಸೋಫಾದ ಮುಂದೆ ಒಂದು ದಪ್ಪ ಜಮಖಾನೆ ಹಾಕಿದೆವು, ಮಾತು ಇನ್ನಷ್ಟು ಬಿಡಿಸಿಕೊಂಡು ಬಂತು. ಜಮಖಾನೆಯಿಂದ ಬೇಸ್ ತಗ್ಗುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. 50 ಹರ್ಟ್ಸ್‌ನ ಅಲೆ ಸುಮಾರು 7 ಮೀಟರ್ ಉದ್ದ, ಅದಕ್ಕೆ ಒಂದು ಬೆರಳು ದಪ್ಪದ ಬಟ್ಟೆ ಲೆಕ್ಕಕ್ಕೇ ಇಲ್ಲ.

ಇನ್ನೂ ಸರಿಹೋಗದ್ದು ಎರಡಿವೆ. ಹಳೆಯ ಸ್ಟೀರಿಯೋ ಕಾರ್ಯಕ್ರಮಗಳಲ್ಲಿ ಮಾತು, ಸಂಗೀತ ಒಟ್ಟಿಗೆ ಬೆರೆತು ಬರುವುದರಿಂದ ಸೆಂಟರ್ ಏರಿಸಿದರೆ ಎರಡೂ ಏರುತ್ತವೆ, ಅಲ್ಲಿ ಬಾರ್‌ನ ವಾಯ್ಸ್ ಮೋಡ್ ಒಂದಿಷ್ಟು ನೆರವಾಗುತ್ತದೆ. ಇನ್ನೊಂದು, ಸೋಫಾದ ಎಡ ತುದಿಯಲ್ಲಿ ಕೂತವರಿಗೆ ಬೇಸ್ ಈಗಲೂ ಸ್ವಲ್ಪ ಜಾಸ್ತಿ. ಒಂದೇ ಸಬ್‌ನಿಂದ ಎಲ್ಲ ಸೀಟಿಗೂ ಸಮ ಮಾಡುವುದು ಕಷ್ಟ, ಎರಡು ಸಬ್ ಇದ್ದರೆ ಏರಿಳಿತ ಒಂದಕ್ಕೊಂದು ತುಂಬಿಕೊಳ್ಳುತ್ತದೆ, ಆದರೆ ನಮ್ಮ ಬಾರ್ ಎರಡನೆಯ ಸಬ್ಬನ್ನು ಒಪ್ಪುವುದಿಲ್ಲ. ಸದ್ಯಕ್ಕೆ ಸೋಫಾವನ್ನು ಹಿಂದಿನ ಗೋಡೆಯಿಂದ ಒಂದು ಅಡಿ ಮುಂದೆ ತಂದಿದ್ದೇನೆ, ಸ್ವಲ್ಪ ತಗ್ಗಿದೆ. ಇನ್ನೂ ಮುಂದೆ ತಂದರೆ ಓಡಾಡುವ ದಾರಿಗೆ ಅಡ್ಡ ಬರುತ್ತದೆ, ಹಾಗಾಗಿ ಅಲ್ಲಿಗೇ ಬಿಟ್ಟಿದ್ದೇನೆ.